ಪೊಳಲಿ ಸೀಮೆಯ ಶಾಲೆಗಳಲ್ಲಿ ಕಲಿಕಾ ನ್ಯೂನತೆ ಮತ್ತು ಸಮನ್ವಯ ಬೋಧನೆ

ಓದುವುದರಲ್ಲಿ, ಬರೆಯುವುದರಲ್ಲಿ ಅಥವಾ ಲೆಕ್ಕ ಮಾಡುವುದರಲ್ಲಿ ಮಗುವನ್ನು ಬಿಡದೆ ಕಾಡುವ ತೊಡಕಿಗೆ ನಿರ್ದಿಷ್ಟ ಕಲಿಕಾ ನ್ಯೂನತೆ ಎಂದು ಹೆಸರು. ಮಗುವಿನ ಬುದ್ಧಿ ಚುರುಕಾಗಿಯೇ ಇರುತ್ತದೆ. ಕಣ್ಣು, ಕಿವಿ ಸರಿಯಿರುತ್ತವೆ. ಶಾಲೆಗೂ ತಪ್ಪದೆ ಬರುತ್ತಿರುತ್ತದೆ. ಆದರೂ ಅಕ್ಷರ ಮಾತ್ರ ಹತ್ತುವುದಿಲ್ಲ. ಓದಿನ ತೊಡಕನ್ನು ಡಿಸ್‌ಲೆಕ್ಸಿಯಾ, ಬರಹದ್ದನ್ನು ಡಿಸ್‌ಗ್ರಾಫಿಯಾ, ಲೆಕ್ಕದ್ದನ್ನು ಡಿಸ್‌ಕ್ಯಾಲ್ಕುಲಿಯಾ ಎನ್ನುತ್ತಾರೆ. ಒಂದೇ ಮಗುವಿನಲ್ಲಿ ಎರಡು ಮೂರು ಬಗೆಯ ತೊಡಕು ಸೇರಿಕೊಂಡಿರುವುದೂ ಉಂಟು, ಒಂದೇ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವುದೂ ಉಂಟು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಐದನೆಯ ಆವೃತ್ತಿ (2013) ಬೇರೆ ಬೇರೆ ಭಾಷೆ, ಸಂಸ್ಕೃತಿಗಳ ಶಾಲಾ ಮಕ್ಕಳಲ್ಲಿ ಇದರ ಪ್ರಮಾಣ ಶೇ. 5ರಿಂದ 15 ಎನ್ನುತ್ತದೆ. ಆ ಲೆಕ್ಕದಲ್ಲಿ 30 ಮಕ್ಕಳು ಕೂರುವ ತರಗತಿಯಲ್ಲಿ ಕಡಿಮೆಯೆಂದರೂ ಒಬ್ಬರೋ ಇಬ್ಬರೋ ಇಂಥವರು ಇದ್ದೇ ಇರುತ್ತಾರೆ.

ಇಂಥ ಮಕ್ಕಳನ್ನು ಬೇರೆ ಶಾಲೆಗೆ ಕಳಿಸದೆ, ಎಲ್ಲರೊಂದಿಗೆ ಒಂದೇ ತರಗತಿಯಲ್ಲಿ ಕೂರಿಸಿ, ಕಲಿಸುವ ಬಗೆಯನ್ನು ಅವರಿಗೂ ಹೊಂದುವಂತೆ ಬದಲಿಸಿಕೊಳ್ಳುವ ಕ್ರಮವನ್ನು ಕರ್ನಾಟಕದ ಶಿಕ್ಷಣ ಇಲಾಖೆ ಸಮನ್ವಯ ಶಿಕ್ಷಣ ಎಂದು ಕರೆಯುತ್ತದೆ. ಈ ಲೇಖನ ಪೊಳಲಿ ಮತ್ತು ಸುತ್ತಲಿನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪ್ರದೇಶವನ್ನು ಕಣ್ಣ ಮುಂದಿಟ್ಟುಕೊಂಡು ಈ ವಿಷಯವನ್ನು ನೋಡುತ್ತದೆ.

ಪ್ರದೇಶ ಮತ್ತು ಭಾಷೆ

ಪೊಳಲಿ ಬಂಟ್ವಾಳ ತಾಲ್ಲೂಕಿನ ಕರಿಯಂಗಳ ಗ್ರಾಮದಲ್ಲಿ ಫಲ್ಗುಣಿ ನದಿಯ ದಂಡೆಯ ಮೇಲಿದೆ. ರಾಜರಾಜೇಶ್ವರಿ ದೇವಸ್ಥಾನ ಮತ್ತು ಜಾತ್ರೆಯ ಚೆಂಡಿನಿಂದ ನಾಡಿಗೆಲ್ಲ ಪರಿಚಿತವಾದ ಊರು. ಇದೇ ನದಿ ಮೇಲೆ ಬೆಳ್ತಂಗಡಿ ತಾಲ್ಲೂಕಿನ ವೇಣೂರನ್ನು ಹಾದು ಬರುತ್ತದೆ, ಕೆಳಗೆ ಗುರುಪುರವನ್ನು ದಾಟಿ ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ದಕ್ಷಿಣ ಕನ್ನಡ ಜಿಲ್ಲೆಯ ಏಳು ಶೈಕ್ಷಣಿಕ ವಲಯಗಳಲ್ಲಿ ಸೇರಿವೆ.

ಇಲ್ಲಿನ ಬಹುಪಾಲು ಮಕ್ಕಳ ಮನೆಮಾತು ತುಳು. ಬ್ಯಾರಿ ಭಾಷೆ, ಕೊಂಕಣಿ ಆಡುವ ಮನೆಗಳೂ ಸಾಕಷ್ಟಿವೆ. ಸರಕಾರಿ ಶಾಲೆಯ ಕನ್ನಡ ಇವರಲ್ಲಿ ಹಲವರಿಗೆ ಎರಡನೆಯ ಭಾಷೆ, ಅದೂ ಪುಸ್ತಕದ ಕನ್ನಡ. ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಇದೆ. ಆರನೆಯ ತರಗತಿಯಲ್ಲಿ ಹಿಂದಿ ಸೇರಿಕೊಳ್ಳುತ್ತದೆ. ಹೀಗೆ ಹನ್ನೊಂದು ವರ್ಷದ ಮಗು ಮೂರು ಲಿಪಿಗಳೊಂದಿಗೆ ಏಗುತ್ತಿರುತ್ತದೆ. ಮನೆಯಲ್ಲಿ ಆಡುವ ಮಾತು ಆ ಮೂರರಲ್ಲಿ ಯಾವುದೂ ಅಲ್ಲ. ಕಲಿಕಾ ನ್ಯೂನತೆಯ ಬಗ್ಗೆ ಬರೆದ ಹೆಚ್ಚಿನ ಪುಸ್ತಕಗಳು ಒಂದೇ ಭಾಷೆಯ, ಅದರಲ್ಲೂ ಇಂಗ್ಲಿಷಿನ ಮಗುವನ್ನು ಎದುರಿಟ್ಟುಕೊಂಡು ಬರೆದವು. ಅವನ್ನು ಹಾಗೆಯೇ ಇಲ್ಲಿಗೆ ತಂದರೆ ಎರಡು ಕಡೆಯಿಂದ ಎಡವುತ್ತೇವೆ. ಕನ್ನಡ ಹೊಸದಾಗಿರುವ ಮಗುವಿಗೆ ನ್ಯೂನತೆಯ ಹಣೆಪಟ್ಟಿ ಬೀಳಬಹುದು. ನಿಜಕ್ಕೂ ತೊಡಕಿರುವ ಮಗುವನ್ನು ‘ಮನೆಯಲ್ಲಿ ತುಳು ಅಲ್ವಾ, ಸರಿಯಾಗ್ತದೆ’ ಎಂದು ವರ್ಷಗಟ್ಟಲೆ ಬಿಟ್ಟುಬಿಡಲೂಬಹುದು. ಈ ಪ್ರದೇಶದಲ್ಲಿ ಎರಡನೆಯದೇ ಹೆಚ್ಚು ನಷ್ಟದ್ದು.

ಕನ್ನಡ ಲಿಪಿಯಲ್ಲಿ ತೊಡಕು ಕಾಣುವ ಬಗೆ

ಇಂಗ್ಲಿಷಿನಲ್ಲಿ ಬರೆದದ್ದಕ್ಕೂ ಓದುವುದಕ್ಕೂ ತಾಳೆಯಾಗದ ಪದಗಳು ಹೇರಳ. ಕನ್ನಡದಲ್ಲಿ ಆ ತೊಂದರೆ ಕಡಿಮೆ, ಬರೆದಂತೆ ಓದಬಹುದು. ಹಾಗೆಂದ ಮಾತ್ರಕ್ಕೆ ಕನ್ನಡದ ಓದು ಸುಲಭವೆನ್ನಲಾಗದು. ವರ್ಣಮಾಲೆಯ ಅಕ್ಷರ 49. ಗುಣಿತ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರನ್ನು ದಾಟುತ್ತವೆ, ಒತ್ತಕ್ಷರಗಳು ಅದರ ಮೇಲೆ. ಬೆಂಗಳೂರಿನ ಸೊನಾಲಿ ನಾಗ್ ಕನ್ನಡ ಮಕ್ಕಳ ಓದಿನ ಮೇಲೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮುಖ್ಯವಾದುದು. ಅಕ್ಷರಗಳ ಪೂರ್ಣ ಪರಿಚಯಕ್ಕೆ ಒಂದೆರಡು ವರ್ಷ ಸಾಲುವುದಿಲ್ಲ, ಮೂರು ನಾಲ್ಕನೆಯ ತರಗತಿಯವರೆಗೂ ಅದು ನಡೆಯುತ್ತಲೇ ಇರುತ್ತದೆ ಎಂದು ಅದು ತೋರಿಸಿತು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೂ ಪ್ರತಿಭಾ ಕಾರಂತ, ಪ್ರೇಮಾ ರಾವ್ ಮೊದಲಾದವರು ಕನ್ನಡದ ಓದನ್ನೇ ಆಧಾರವಾಗಿಟ್ಟುಕೊಂಡು ಸಂಶೋಧನೆ ನಡೆಸಿದರು. ಎರಡನೆಯ ತರಗತಿಯ ಮಗುವಿಗೆ ಎಲ್ಲ ಗುಣಿತ ಬರಲಿಲ್ಲವೆಂದು ಗಾಬರಿಬೀಳಬೇಕಿಲ್ಲ ಎಂಬುದನ್ನು ಇಂಥ ಕೆಲಸದಿಂದ ಕಲಿಯಬಹುದು.

ಗಾಬರಿಬೀಳಬೇಕಾದದ್ದು ಬೇರೆ ಕಡೆ. ನಾಲ್ಕನೆಯ ತರಗತಿಗೆ ಬಂದರೂ ಮಗು ‘ಕತ್ತೆ’ಯನ್ನು ‘ಕತೆ’ ಎಂದು ಬರೆಯುತ್ತದೆ, ‘ತಮ್ಮ’ ಎಂಬಲ್ಲಿ ಒತ್ತು ಹಾರಿಹೋಗುತ್ತದೆ. ‘ಬಲ’, ‘ಬಾಲ’ ಎರಡೂ ಒಂದೇ ಆಗುತ್ತವೆ. ಪ ಮತ್ತು ಷ, ಮ ಮತ್ತು ವ, ನ ಮತ್ತು ಸ ಅದಲುಬದಲಾಗುತ್ತವೆ. ಅರ್ಕಾವೊತ್ತು ಎಲ್ಲಕ್ಕಿಂತ ಕಷ್ಟದ್ದು. ‘ಕರ್ನಾಟಕ’ ಎನ್ನುವಾಗ ರ್ ಮೊದಲು ಕೇಳಿಸುತ್ತದೆ, ಬರೆಯುವಾಗ ನಾ ಮೊದಲು ಬಂದು ಅರ್ಕಾವೊತ್ತು ಆಮೇಲೆ ಕೂರುತ್ತದೆ. ಕಿವಿಗೆ ಬಿದ್ದ ಕ್ರಮವೂ ಕೈ ಬರೆಯಬೇಕಾದ ಕ್ರಮವೂ ಬೇರೆಯಾದಾಗ, ಧ್ವನಿಯನ್ನು ಬಿಡಿಸಿಕೊಳ್ಳಲು ಮೊದಲೇ ಹೆಣಗುತ್ತಿರುವ ಮಗು ಅಲ್ಲಿ ನಿಂತುಬಿಡುತ್ತದೆ. ತಪ್ಪಿಗಿಂತಲೂ ನಿಧಾನವೇ ಕನ್ನಡದಲ್ಲಿ ಹೆಚ್ಚು ನಂಬಬಹುದಾದ ಸುಳಿವು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ‘ರಾ... ಜ... ರಾ... ಜೇ...’ ಎಂದು ಓದುತ್ತಾ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಪದ ಮರೆತಿರುತ್ತದೆ. ಅದೇ ಪಾಠವನ್ನು ಬೇರೆಯವರು ಓದಿ ಹೇಳಿದರೆ ಎಲ್ಲ ಪ್ರಶ್ನೆಗೂ ಉತ್ತರ ಕೊಡುತ್ತದೆ.

ಮಹಾಪ್ರಾಣದ ತಪ್ಪುಗಳನ್ನು ಈ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ತುಳುವಿನ ಸ್ವಂತ ಪದಗಳಲ್ಲಿ ಮಹಾಪ್ರಾಣವಿಲ್ಲ; ಆಡುಗನ್ನಡದಲ್ಲೂ ಅದು ಇದ್ದೂ ಇಲ್ಲದಂತೆ. ‘ಭೂಮಿ’ಯನ್ನು ‘ಬೂಮಿ’ ಎಂದು ಬರೆದ ಮಗುವಿನ ಕಿವಿಯಲ್ಲಾಗಲಿ ಮೆದುಳಿನಲ್ಲಾಗಲಿ ದೋಷ ಹುಡುಕಬೇಕಾಗಿಲ್ಲ.

ಭಾಷೆ ಹೊಸದೋ, ತೊಡಕು ನಿಜದ್ದೋ ಎಂದು ತಿಳಿಯಲು ಮನೆಮಾತಿನಲ್ಲೇ ಒಮ್ಮೆ ಪರೀಕ್ಷಿಸಬೇಕು. ತುಳು ಬಲ್ಲ ಶಿಕ್ಷಕಿ ಹೊರಗಿನ ತಜ್ಞರಿಲ್ಲದೆ ಮಾಡಬಹುದಾದ ಕೆಲಸ ಇದು. ‘ತಾರಾಯಿ’ ಎಂಬುದನ್ನು ಚಪ್ಪಾಳೆ ತಟ್ಟಿ ಬಿಡಿಸು ಎಂದರೆ ‘ತಾ-ರಾ-ಯಿ’ ಎನ್ನುತ್ತದೆಯೇ? ಮೊದಲ ತಾ ತೆಗೆದರೆ ಏನುಳಿಯುತ್ತದೆ? ‘ಪೆಲಕಾಯಿ’ಯಲ್ಲಿ ಎಷ್ಟು ತಟ್ಟು? ಮನೆಯಲ್ಲಿ ಕೇಳಿದ ಕತೆಯನ್ನು ತುಳುವಿನಲ್ಲಿ ಸರಾಗವಾಗಿ ಹೇಳಿ, ಪದಗಳನ್ನೂ ಸಲೀಸಾಗಿ ಬಿಡಿಸುವ ಮಗು ಕನ್ನಡದಲ್ಲಿ ಮಾತ್ರ ತಡವರಿಸಿದರೆ ಅದಕ್ಕೆ ಬೇಕಾದ್ದು ಇನ್ನಷ್ಟು ಕನ್ನಡ ಮಾತು. ತುಳುವಿನಲ್ಲೂ ಪದ ಬಿಡಿಸಲು ಬಾರದಿದ್ದರೆ, ಪ್ರಾಸ ಹೊಂದಿಸಲಾಗದಿದ್ದರೆ, ಎದುರಿಟ್ಟ ಸಾಮಾನುಗಳ ಹೆಸರನ್ನು ಬೇಗಬೇಗ ಹೇಳಲು ಆಗದಿದ್ದರೆ ಆ ಮಗುವಿನ ಮೇಲೆ ಒಂದು ಕಣ್ಣಿಡಬೇಕು. ಬ್ಯಾರಿ, ಕೊಂಕಣಿ ಮಕ್ಕಳಿಗೂ ಇದೇ ಮಾತು. ಶಿಕ್ಷಕಿಗೆ ಆ ಭಾಷೆ ಬಾರದಿದ್ದರೆ ಮೇಲಿನ ತರಗತಿಯ ಮಕ್ಕಳೋ ಅಡುಗೆಯ ಸಹಾಯಕರೋ ನೆರವಾಗಬಹುದು.

ಹಿನ್ನೆಲೆ

ಓದಿನ ಈ ತೊಡಕನ್ನು ಯುರೋಪಿನ ವೈದ್ಯರು ಗುರುತಿಸಿದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ. ಡಿಸ್‌ಲೆಕ್ಸಿಯಾ ಎಂಬ ಹೆಸರನ್ನು 1887ರಲ್ಲಿ ಜರ್ಮನಿಯ ರುಡಾಲ್ಫ್ ಬರ್ಲಿನ್ ಬಳಸಿದರು. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು 14 ವರ್ಷದ ಜಾಣ ಹುಡುಗನೊಬ್ಬನಿಗೆ ಓದು ಮಾತ್ರ ಬಾರದ ಸಂಗತಿಯನ್ನು ದಾಖಲಿಸಿದರು. 1963ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕರ್ಕ್ ಕಲಿಕಾ ನ್ಯೂನತೆ ಎಂಬ ವಿಶಾಲ ಹೆಸರನ್ನು ಚಾಲ್ತಿಗೆ ತಂದರು. ಭಾರತದಲ್ಲಿ 1991ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಈ ಮಕ್ಕಳಿಗಾಗಿ ಪರೀಕ್ಷಾಮಾಲೆಯೊಂದನ್ನು ರೂಪಿಸಿತು. ಸಾಮಾನ್ಯ ಜನರಿಗೆ ವಿಷಯ ಮುಟ್ಟಿದ್ದು 2007ರ ‘ತಾರೇ ಜಮೀನ್ ಪರ್’ ಚಿತ್ರದಿಂದ.

ಕಾನೂನು ಎಚ್ಚೆತ್ತದ್ದು ತಡವಾಗಿ. 1995ರ ಅಂಗವಿಕಲರ ಕಾಯ್ದೆಯ ಏಳು ವಿಧಗಳಲ್ಲಿ ಕಲಿಕಾ ನ್ಯೂನತೆ ಇರಲೇ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ ಇದನ್ನೂ ಸೇರಿಸಿತು. 2017ರ ಏಪ್ರಿಲ್ 19ರಿಂದ ಅದು ಜಾರಿಯಲ್ಲಿದೆ. ಅದರ 16ನೆಯ ಕಲಮು, ಸರಕಾರದ ಮತ್ತು ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಿಕ್ಷಣ ಸಂಸ್ಥೆಗಳೂ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆಹಚ್ಚಿ, ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕೆಂದು ಹೇಳುತ್ತದೆ. ಖಾಸಗಿ ಶಾಲೆಗಳಿಗೂ ಇದರಿಂದ ವಿನಾಯಿತಿಯಿಲ್ಲ.

ದಕ್ಷಿಣ ಕನ್ನಡಕ್ಕೆ ಶಾಲೆಯಿಂದ ಹೊರಗುಳಿದವರನ್ನು ಒಳಗೆ ಕರೆತಂದ ಹಳೆಯ ಪರಂಪರೆಯೇ ಇದೆ. ದಲಿತ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಅವರಿಗಾಗಿಯೇ ಶಾಲೆ ತೆರೆದರು. ಕಲಿಕಾ ನ್ಯೂನತೆಯ ಮಗುವಿನ ಪಾಡು ಬೇರೆ ಬಗೆಯದು. ಅದಕ್ಕೆ ಬಾಗಿಲು ತೆರೆದೇ ಇದೆ, ಹಾಜರಿಯೂ ಬೀಳುತ್ತದೆ. ಒಳಗೆ ಕೂತೇ ಅದು ಹೊರಗುಳಿಯುತ್ತದೆ.

ಅಂಗವೈಕಲ್ಯ ಎಂದೊಡನೆ ಈ ಪ್ರದೇಶದ ಜನರ ಮನಸ್ಸಿಗೆ ಬರುವುದು ಎಂಡೋಸಲ್ಫಾನ್. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸುತ್ತ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷದ ಪರಿಣಾಮವನ್ನು ಎಷ್ಟೋ ಮನೆಗಳು ಇಂದಿಗೂ ಅನುಭವಿಸುತ್ತಿವೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಹಿಡಿಯಿತು. ಹಾಸಿಗೆ ಬಿಟ್ಟೇಳಲಾಗದ ಆ ಮಕ್ಕಳ ಸಂಕಟ ಎಲ್ಲರ ಕಣ್ಣಿಗೂ ಬೀಳುತ್ತದೆ, ಬೀಳಬೇಕು. ಓಡಾಡಿಕೊಂಡು, ಮಾತಾಡಿಕೊಂಡು, ಚೆಂಡಾಟದಲ್ಲಿ ಮುಂದಿರುವ ಹುಡುಗನಿಗೂ ಒಂದು ನ್ಯೂನತೆ ಇರಬಹುದೆಂದರೆ ಅದೇ ಊರಿನಲ್ಲಿ ನಂಬುವವರು ಕಡಿಮೆ. ‘ಇವನಿಗೆ ಓದು ಮಂಡೆಗೆ ಹೋಗುದಿಲ್ಲ ಟೀಚರ್, ಬೇರೆ ಎಲ್ಲ ಗೊತ್ತಾಗ್ತದೆ’ ಎಂದು ತಾಯಿ ಹೇಳುವಾಗ ತನಗೆ ತಿಳಿಯದೆಯೇ ಕಲಿಕಾ ನ್ಯೂನತೆಯ ಸರಿಯಾದ ಲಕ್ಷಣವನ್ನೇ ಹೇಳಿರುತ್ತಾಳೆ. ಕೇಳಿಸಿಕೊಳ್ಳುವವರು ಅದನ್ನು ಸೋಮಾರಿತನವೆಂದು ಬರೆದುಕೊಂಡರೆ ಅಲ್ಲಿಗೆ ಮುಗಿಯಿತು.

ಪತ್ತೆ ಮತ್ತು ಪ್ರಮಾಣಪತ್ರ

ಪತ್ತೆ ಬೇರೆ, ಪ್ರಮಾಣಪತ್ರ ಬೇರೆ. ಪತ್ತೆ ಶಾಲೆಯ ಕೆಲಸ. ಎನ್‌ಸಿಇಆರ್‌ಟಿ 2022ರಲ್ಲಿ ಹೊರತಂದ ‘ಪ್ರಶಸ್ತ್’ ಪಟ್ಟಿಯನ್ನು ತರಗತಿಯ ಶಿಕ್ಷಕರೇ ತುಂಬಬಹುದು. ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ಸಿದ್ಧಪಡಿಸಿದ ‘ಡಾಲಿ’ ಎಂಬ ಡಿಸ್‌ಲೆಕ್ಸಿಯಾ ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ಇದೆ. ಅದರಲ್ಲಿ ಐದನೆಯ ತರಗತಿಯವರೆಗಿನ ಮಕ್ಕಳಿಗಾಗಿ ಶಿಕ್ಷಕರು ಬಳಸಬಹುದಾದ ತಪಶೀಲು ಪಟ್ಟಿಗಳಿವೆ. ಇವು ಯಾವುದೂ ರೋಗನಿರ್ಣಯವಲ್ಲ. ಯಾವ ಮಗುವಿಗೆ ಹೆಚ್ಚು ಗಮನ ಬೇಕು ಎಂಬುದನ್ನಷ್ಟೇ ಹೇಳುತ್ತವೆ. ಇವಕ್ಕೂ ಮೊದಲು ಕಣ್ಣು, ಕಿವಿ ತೋರಿಸಬೇಕು. ಬೋರ್ಡು ಕಾಣದೆ ಹಿಂದುಳಿದ ಮಗುವಿಗೆ ಬೇಕಾದ್ದು ಕನ್ನಡಕ ಮಾತ್ರ.

ಪ್ರಮಾಣಪತ್ರ ಕೊಡುವುದು ವೈದ್ಯಕೀಯ ಮಂಡಳಿ. ಕೇಂದ್ರ ಸರಕಾರದ 2018ರ ಜನವರಿಯ ಮಾರ್ಗಸೂಚಿ ಎಂಟು ವರ್ಷ ತುಂಬಿದ ಮಗುವಿಗೆ ಮಾತ್ರ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಕೊಡಬೇಕೆಂದೂ 14 ಮತ್ತು 18ನೆಯ ವಯಸ್ಸಿನಲ್ಲಿ ಮರುಪರೀಕ್ಷೆ ಆಗಬೇಕೆಂದೂ ವಿಧಿಸಿತು. ಎಂಟು ವರ್ಷದವರೆಗೆ ಕಾಯುವುದರಲ್ಲಿ ಅರ್ಥವಿದೆ, ಅದಕ್ಕೂ ಮೊದಲು ಓದಿನಲ್ಲಿ ಹಿಂದೆಮುಂದೆ ಆಗುವುದು ಸಹಜ. ಆದರೆ ಮಗು ಶಾಲೆ ಸೇರುವುದು ಆರಕ್ಕೆ. ನಡುವಿನ ಎರಡು ವರ್ಷ ‘ಇನ್ನೂ ಸರ್ಟಿಫಿಕೇಟ್ ಆಗಿಲ್ಲ’ ಎಂದು ಕೈಕಟ್ಟಿ ಕೂತರೆ ಕಲಿಸಲು ಅತ್ಯಂತ ಫಲವತ್ತಾದ ಕಾಲವೇ ಕಳೆದುಹೋಗುತ್ತದೆ. ಕಾನೂನಿನಲ್ಲಿರುವ ‘ಆದಷ್ಟು ಬೇಗ’ ಎಂಬ ಮಾತಿಗೆ ತರಗತಿಯಲ್ಲಿ ನೆರವು ಇಂದೇ ಶುರುವಾಗಬೇಕು ಎಂಬುದಲ್ಲದೆ ಬೇರೆ ಅರ್ಥವಿರಲಾರದು. ಪ್ರಮಾಣಪತ್ರ ಬೇಕಾಗುವುದು ಪರೀಕ್ಷೆಯ ರಿಯಾಯಿತಿಗೆ, ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡಿಗೆ, ಮೀಸಲಾತಿಗೆ. ಓದಿನಲ್ಲಿ ಕೈಹಿಡಿದು ನಡೆಸಲು ಅದರ ಅಗತ್ಯವಿಲ್ಲ.

ಪೊಳಲಿಯಿಂದ ಮಂಗಳೂರಿನ ಜಿಲ್ಲಾ ಆಸ್ಪತ್ರೆ ವೆನ್‌ಲಾಕ್‌ಗೆ ಸುಮಾರು 20 ಕಿಲೋಮೀಟರ್. ಬೆಳ್ತಂಗಡಿಯ ಘಟ್ಟದ ಬುಡದ ಊರುಗಳಿಂದ ಅದರ ಮೂರು ನಾಲ್ಕು ಪಟ್ಟು ದೂರ. ಬೀಡಿ ಕಟ್ಟಿ, ದಿನಗೂಲಿಗೆ ಹೋಗಿ ಬದುಕುವ ಮನೆಯವರಿಗೆ ಒಂದೊಂದು ಓಡಾಟವೂ ಒಂದು ದಿನದ ಸಂಪಾದನೆ. ಶಾಲೆಯೇ ದಿನ ನಿಗದಿ ಮಾಡಿ, ಕಾಗದಪತ್ರ ಸಿದ್ಧಪಡಿಸಿ, ಜೊತೆಗೆ ಒಬ್ಬರನ್ನು ಕಳಿಸಿಕೊಟ್ಟರೆ ಪ್ರಮಾಣಪತ್ರ ಕೈಗೆ ಬರುತ್ತದೆ. ‘ನೀವೇ ಹೋಗಿ ಮಾಡಿಸಿಕೊಳ್ಳಿ’ ಎಂದರೆ ಹೆಚ್ಚಿನವು ಅರ್ಧದಲ್ಲೇ ನಿಲ್ಲುತ್ತವೆ.

ತರಗತಿಯೊಳಗೆ

ಕರ್ನಾಟಕದ ಕನ್ನಡ ಶಾಲೆಗಳಲ್ಲಿ ಇದಕ್ಕೊಂದು ಒಳ್ಳೆಯ ನೆಲೆ ಈಗಾಗಲೇ ಇದೆ, ಅದು ನಲಿ-ಕಲಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ಈ ಪದ್ಧತಿಯನ್ನು 2009-10ರಿಂದ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ವಿಸ್ತರಿಸಲಾಯಿತು. ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡುಗಳ ಮೂಲಕ ಪ್ರತಿ ಮಗುವೂ ತನ್ನ ವೇಗದಲ್ಲಿ ಮುಂದುವರಿಯುತ್ತದೆ. ಶಿಕ್ಷಕರ ಪೂರ್ಣ ಸಹಾಯ, ಭಾಗಶಃ ಸಹಾಯ, ಗೆಳೆಯರ ಸಹಾಯ, ಸ್ವಕಲಿಕೆ ಎಂದು ಮಕ್ಕಳ ಗುಂಪುಗಳಾಗುತ್ತವೆ. ಅಕ್ಷರವನ್ನು ಅ ಆ ಇ ಈ ಕ್ರಮದಲ್ಲಿ ಕಲಿಸದೆ, ಬರೆಯಲು ಸುಲಭವಾದ ರ, ಗ, ಸ, ದ, ಅ ಇವುಗಳಿಂದ ಶುರುಮಾಡುತ್ತಾರೆ. ಐದೇ ಅಕ್ಷರ ಕಲಿತ ಮಗು ‘ಸರ’, ‘ಅರಸ’, ‘ಗರಗಸ’ ಎಂದು ಓದಿಬಿಡುತ್ತದೆ. ಓದಬಲ್ಲೆ ಎಂಬ ಧೈರ್ಯ ಮೊದಲ ತಿಂಗಳಲ್ಲೇ ಸಿಗುವುದು ಕಲಿಕಾ ನ್ಯೂನತೆಯ ಮಗುವಿಗೆ ದೊಡ್ಡ ವರ. ಏಣಿಯಲ್ಲಿ ಮಗು ಎಲ್ಲಿ ತಿಂಗಳುಗಟ್ಟಲೆ ನಿಂತಿದೆ ಎಂಬುದೂ ಪ್ರಗತಿ ನೋಟದಲ್ಲಿ ಎದ್ದು ಕಾಣುತ್ತದೆ, ಪತ್ತೆಗೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ. ನಲಿ-ಕಲಿಯನ್ನು ಬರೀ ಕಾರ್ಡು ಹಂಚುವ ಕೆಲಸವಾಗಿ ಮಾಡಿದ ಕಡೆ ಈ ಲಾಭ ಸಿಗುವುದಿಲ್ಲ.

ನಾಲ್ಕನೆಯ ತರಗತಿಗೆ ಬಂದೊಡನೆ ಎಲ್ಲವೂ ಬದಲಾಗುತ್ತದೆ. ಏಣಿ ಹೋಗಿ ಪಠ್ಯಪುಸ್ತಕ ಬರುತ್ತದೆ, ಗುಂಪು ಹೋಗಿ ಸಾಲುಬೆಂಚು ಬರುತ್ತದೆ. ಮರೆಯಲ್ಲಿದ್ದ ತೊಡಕು ಬಯಲಿಗೆ ಬೀಳುವುದು ಇಲ್ಲಿಯೇ. ಸಮನ್ವಯ ಬೋಧನೆಯ ನಿಜವಾದ ಕೆಲಸವೂ ಇಲ್ಲಿಂದಲೇ.

ಮೊದಲು ಕೈಬಿಡಬೇಕಾದ್ದು ಕೆಲವಿದೆ. ತಪ್ಪು ಬರೆದ ಪದವನ್ನು ಐವತ್ತು ಸಲ ಬರೆಸುವ ಇಂಪೊಸಿಷನ್ ಡಿಸ್‌ಗ್ರಾಫಿಯಾದ ಮಗುವಿಗೆ ಶಿಕ್ಷೆಯಲ್ಲದೆ ಮತ್ತೇನೂ ಅಲ್ಲ, ಮೂವತ್ತನೆಯ ಸಲಕ್ಕೆ ತಪ್ಪೇ ಗಟ್ಟಿಯಾಗಿರುತ್ತದೆ. ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ನಿಷೇಧಿಸಿದೆ. ತರಗತಿಯ ನಡುವೆ ಎಬ್ಬಿಸಿ ಗಟ್ಟಿಯಾಗಿ ಓದಿಸುವುದನ್ನೂ ಬಿಡಬೇಕು. ಇಡೀ ತರಗತಿ ನಗುವಾಗ ಆ ಮಗು ಕಲಿಯುವುದು ತಲೆತಗ್ಗಿಸುವುದನ್ನು ಮಾತ್ರ. ಅದರ ಬದಲು ನಾಳೆ ಓದಬೇಕಾದ ಐದು ಸಾಲನ್ನು ಇಂದೇ ಗುರುತಿಸಿಕೊಟ್ಟರೆ, ಮಗು ಮನೆಯಲ್ಲಿ ಅಕ್ಕನ ಬಳಿಯೋ ಚಿಕ್ಕಮ್ಮನ ಬಳಿಯೋ ಕೂತು ಅಭ್ಯಾಸಮಾಡಿ ಬರುತ್ತದೆ.

ಓದಿನ ಕೌಶಲವನ್ನು ಕಣ್ಣು, ಕಿವಿ, ಕೈ ಮೂರರ ಮೂಲಕವೂ ಒಟ್ಟಿಗೆ ಕಲಿಸುವ ಕ್ರಮವನ್ನು ಅಮೆರಿಕದಲ್ಲಿ ಆರ್ಟನ್ ಮತ್ತು ಗಿಲ್ಲಿಂಗ್‌ಹ್ಯಾಮ್ 1930ರ ದಶಕದಲ್ಲಿ ಬೆಳೆಸಿದರು. ನಮ್ಮಲ್ಲಿ ನವರಾತ್ರಿಯ ಅಕ್ಷರಾಭ್ಯಾಸದಲ್ಲಿ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುವುದು ಇದೇ ದಾರಿಯದು. ನಾವು ಒಂದು ದಿನ ಮಾಡಿ ಬಿಡುತ್ತೇವೆ, ಈ ಮಕ್ಕಳಿಗೆ ಅದು ವರ್ಷವಿಡೀ ಬೇಕು. ತಟ್ಟೆಯಲ್ಲಿ ಮರಳು ಹರಡಿ, ಷ ಎಂದು ಬಾಯಲ್ಲಿ ಹೇಳುತ್ತಾ ಬೆರಳಲ್ಲಿ ಬರೆಯುವುದು. ಪ ಬರೆದು ಅದರ ಹೊಟ್ಟೆಯಲ್ಲಿ ಗೆರೆಯೆಳೆದು ಷ ಮಾಡುವುದು. ಒತ್ತಕ್ಷರವನ್ನು ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುವುದು. ಒತ್ತಿನ ಆಕಾರ ಮೂಲಕ್ಕಿಂತ ಬೇರೆಯಾಗುವ ತ, ನ, ಮ, ಯ, ರ, ಲ ಇವನ್ನು ಕೊನೆಗಿಟ್ಟು, ಆಕಾರ ಉಳಿಸಿಕೊಳ್ಳುವ ಕ, ಗ, ಚ, ಪ ಒತ್ತುಗಳನ್ನು ಮೊದಲು ಕಲಿಸಿದರೆ ಹೊರೆ ಹಗುರಾಗುತ್ತದೆ. ಅರ್ಕಾವೊತ್ತು ಹಿಡಿತಕ್ಕೆ ಬರುವ ತನಕ ರ ಬರೆದು ಅದರ ಕೆಳಗೆ ಒತ್ತು ಕೊಡುವ ರೂಪವನ್ನು ಒಪ್ಪಿಕೊಳ್ಳಬಹುದು. ಕನ್ನಡದಲ್ಲಿ ಹಾಗೆ ಬರೆಯುವ ವಾಡಿಕೆಯೂ ಇದೆ. ಈ ಜಿಲ್ಲೆಯ ಹಲವು ಶಾಲೆಗಳಲ್ಲಿ ಯಕ್ಷಗಾನ ಕಲಿಸುತ್ತಾರೆ. ಬಾಯಿತಾಳ ಹೇಳುತ್ತಾ ಹೆಜ್ಜೆ ಹಾಕುವ ಮಗು ಧ್ವನಿಯನ್ನು ಘಟಕಗಳಾಗಿ ಬಿಡಿಸುವ ಅಭ್ಯಾಸವನ್ನೇ ಮಾಡುತ್ತಿರುತ್ತದೆ. ಓದಲು ಬಾರದ ಹುಡುಗ ಪ್ರಸಂಗದ ಪದ್ಯವನ್ನು ಕೇಳಿಯೇ ಕಲಿತು ರಂಗದಲ್ಲಿ ಗೆದ್ದಾಗ ತರಗತಿಯಲ್ಲೂ ಅವನ ಸ್ಥಾನ ಬದಲಾಗುತ್ತದೆ. ಈ ಲಾಭವನ್ನು ಯಾವ ಪರಿಹಾರ ಬೋಧನೆಯಿಂದಲೂ ತರಲಾಗದು.

ಲೆಕ್ಕದ ತೊಡಕಿಗೆ ತುಳುನಾಡಿನ ಚೆನ್ನೆಮಣೆ ಅಪರೂಪದ ಸಾಧನ. ಎರಡು ಸಾಲಿನಲ್ಲಿ ಏಳೇಳರಂತೆ 14 ಗುಳಿ, ಒಂದೊಂದಕ್ಕೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ. ಡಿಸ್‌ಕ್ಯಾಲ್ಕುಲಿಯಾದ ಮಗುವಿಗೆ 4 ಎಂಬ ಅಂಕಿಗೂ ನಾಲ್ಕು ವಸ್ತುಗಳಿಗೂ ಇರುವ ನಂಟು ಗಟ್ಟಿಯಾಗಿರುವುದಿಲ್ಲ. ಮೂರೋ ನಾಲ್ಕೋ ಎಂದು ನೋಡಿದೊಡನೆ ಹೇಳಲು ಆಗುವುದಿಲ್ಲ. ಮಣೆ ತುಂಬಿಸುವ ಕೆಲಸವನ್ನು ಅದಕ್ಕೇ ಬಿಡಬೇಕು. ಒಂದು ಗುಳಿಗೆ ನಾಲ್ಕು, ಎರಡಕ್ಕೆ ಎಂಟು ಎಂದು ಹಾಕುತ್ತಾ ಹೋದರೆ ನಾಲ್ಕರ ಮಗ್ಗಿ ಕೈಬೆರಳಿಗೆ ಬರುತ್ತದೆ. ಒಂದು ಗುಳಿಯ ಕಾಯಿ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಬಿಡುತ್ತಾ ಹೋಗುವಾಗ ಎಣಿಕೆ ಮತ್ತು ವಸ್ತು ಜೊತೆಜೊತೆಗೆ ಸಾಗುತ್ತವೆ. ಆಡಲು ಬಂದ ಮೇಲೆ ‘ಇಲ್ಲಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆ’ ಎಂದು ಕೇಳಬೇಕು. ಅದನ್ನು ಮುಟ್ಟದೆ ಹೇಳಿದ ದಿನ ಮಗು ಮನಸ್ಸಿನಲ್ಲೇ ಕೂಡಿಸಲು ಕಲಿತಿದೆ ಎಂದರ್ಥ. ಜೊತೆಗೆ ಆಡುವವರು ತರಗತಿಯ ಉಳಿದ ಮಕ್ಕಳೇ ಆದ್ದರಿಂದ ಯಾರಿಗೂ ಇದು ‘ಹಿಂದುಳಿದವರ ಪಾಠ’ ಎನಿಸುವುದಿಲ್ಲ. ಆಟಿ ತಿಂಗಳ ಮಳೆಯಲ್ಲಿ ಅಟ್ಟದಿಂದ ಇಳಿಯುವ ಮಣೆ ಶಾಲೆಯಲ್ಲಿ ವರ್ಷವಿಡೀ ಇರಲಿ. ಒಂಬತ್ತು, ತೊಂಬತ್ತು ಎಂಬ ಹೆಸರುಗಳ ಗೊಂದಲದಿಂದ 79, 97 ಅದಲುಬದಲಾಗುವ ಮಕ್ಕಳಿಗೆ ಹತ್ತರ ಕಟ್ಟು, ಬಿಡಿ ಕಡ್ಡಿ ಇಟ್ಟು ತೋರಿಸುವ ಹಳೆಯ ವಿಧಾನವೇ ಸಾಕು.

ಪಾಠಗಳಲ್ಲಿ ಮುಖ್ಯವಾದ ನಿಯಮ ಒಂದೇ: ಓದುವ ಕೌಶಲ ಬೆಳೆಯುವ ತನಕ ವಿಷಯಜ್ಞಾನ ನಿಲ್ಲಬಾರದು. ವಿಜ್ಞಾನದ ಪಾಠವನ್ನು ಕೇಳಿ ಕಲಿತು ಬಾಯಲ್ಲಿ ಹೇಳಿದರೆ ಅದಕ್ಕೂ ಅಂಕವಿದೆ. ಬೋರ್ಡಿನಿಂದ ನಕಲು ಮಾಡುವುದರಲ್ಲೇ ಅವಧಿ ಮುಗಿಯುವ ಮಗುವಿಗೆ ಗೆಳೆಯನ ನೋಟ್ಸಿನ ಜೆರಾಕ್ಸ್ ಕೊಡಬಹುದು. ಚಿತ್ರ, ಮಾದರಿ, ನಕ್ಷೆಯ ಮೂಲಕ ಉತ್ತರ ಪಡೆಯಬಹುದು. ಜೋಡಿ ಓದಿನಲ್ಲಿ ಒಬ್ಬ ಓದಿ ಇನ್ನೊಬ್ಬ ವಿವರಿಸಲಿ. ವಿವರಿಸುವವನು ಹೆಚ್ಚಾಗಿ ಇದೇ ಹುಡುಗನಾಗಿರುತ್ತಾನೆ. ಪಠ್ಯಪುಸ್ತಕದ ಕ್ಯುಆರ್ ಕೋಡ್ ಮೂಲಕ ದೀಕ್ಷಾ ಜಾಲತಾಣದ ಪಾಠ ಕೇಳಿಸಬಹುದು, ಮೊಬೈಲಿನಲ್ಲಿ ಕನ್ನಡವನ್ನು ಮಾತಾಡಿಯೇ ಬರೆಯಿಸಬಹುದು. 2013ರ ಮರಾಕೇಶ್ ಒಪ್ಪಂದ ಓದಿನ ನ್ಯೂನತೆ ಇರುವವರಿಗಾಗಿ ಪುಸ್ತಕಗಳನ್ನು ಧ್ವನಿರೂಪಕ್ಕೆ ತರಲು ದಾರಿ ಮಾಡಿತು. ಅದನ್ನು ಮೊದಲು ಅನುಮೋದಿಸಿದ ದೇಶ ಭಾರತ. ಇಂಥ ಬದಲಾವಣೆಗಳಿಂದ ತರಗತಿಯ ಉಳಿದ ಮಕ್ಕಳಿಗೆ ನಷ್ಟವಾಗುತ್ತದೆಂಬ ಆತಂಕ ಪೋಷಕರಲ್ಲಿದೆ. ಮರಳಿನ ತಟ್ಟೆ, ಚೆನ್ನೆಮಣೆ, ಜೋಡಿ ಓದು, ಇವುಗಳಲ್ಲಿ ಯಾವುದು ಯಾವ ಮಗುವಿಗೆ ನಷ್ಟ?

ಸಂಪನ್ಮೂಲ ಶಿಕ್ಷಕರು

ಪ್ರತಿ ವಲಯದ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಶಾಲೆಗಳಲ್ಲಿ ಇವರನ್ನು ಬಿಐಇಆರ್‌ಟಿ ಎಂದೇ ಕರೆಯುವುದು. ಶಾಲೆಗಳಿಗೆ ಭೇಟಿ, ವೈದ್ಯಕೀಯ ತಪಾಸಣಾ ಶಿಬಿರ, ಸಾಧನ ವಿತರಣೆ, ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣ ಎಲ್ಲವೂ ಇವರ ಹೆಗಲ ಮೇಲಿದೆ. ಇಡೀ ವಲಯವನ್ನು ಬೆರಳೆಣಿಕೆಯ ಜನ ಸುತ್ತಬೇಕಾದಾಗ ತೀವ್ರ ವೈಕಲ್ಯದ ಮಕ್ಕಳಿಗೇ ಸಮಯ ಸಾಲದು. ಕಲಿಕಾ ನ್ಯೂನತೆ ಪಟ್ಟಿಯ ಕೊನೆಗೆ ಜಾರುತ್ತದೆ. 2021ರ ಅಕ್ಟೋಬರಿನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿಶೇಷ ಶಿಕ್ಷಕರ ಹುದ್ದೆಗೆ ಅನುಪಾತ ಗೊತ್ತುಮಾಡಲು ಹೇಳಿತು. ಅದರಂತೆ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಎಂದಾಗಿದೆ. ಈ ಅನುಪಾತ ಜಾರಿಗೆ ಬರಬೇಕಾದರೆ ಮಕ್ಕಳು ಮೊದಲು ಲೆಕ್ಕಕ್ಕೆ ಸಿಗಬೇಕು, ಪತ್ತೆಯಾಗದ ಮಗುವಿನ ಹೆಸರಿನಲ್ಲಿ ಹುದ್ದೆ ಮಂಜೂರಾಗುವುದಿಲ್ಲ.

ಪರೀಕ್ಷೆ ಮತ್ತು ಆಮೇಲೆ

ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಇತ್ತೀಚೆಗೆ ಮುಂಚೂಣಿಯಲ್ಲಿರುವ ಜಿಲ್ಲೆ. 2024ರಲ್ಲಿ ಉಡುಪಿಯ ನಂತರ ಎರಡನೆಯದು, 2025ರಲ್ಲಿ ಮೊದಲನೆಯದು. ಈ ಹೆಮ್ಮೆಗೆ ಒಂದು ಬೆಲೆಯೂ ಇದೆ. ನೂರಕ್ಕೆ ನೂರು ಫಲಿತಾಂಶದ ಹಟವಿರುವ ಕಡೆ, ಒಂಬತ್ತನೆಯ ತರಗತಿಯ ನಿಧಾನ ಓದಿನ ಮಗು ಭಾರವಾಗಿ ಕಾಣುತ್ತದೆ, ‘ಬೇರೆ ಶಾಲೆ ನೋಡಿಕೊಳ್ಳಿ’ ಎಂಬ ಸಲಹೆ ಬರುತ್ತದೆ. ಕಾನೂನಿನ ಕಣ್ಣಿನಲ್ಲಿ ಇದು ತಪ್ಪು.

ರಿಯಾಯಿತಿಗಳನ್ನು ಸರಿಯಾಗಿ ಬಳಸಿಕೊಂಡರೆ ಮಗುವೂ ಉಳಿಯುತ್ತದೆ, ಶಾಲೆಯ ಫಲಿತಾಂಶವೂ ಉಳಿಯುತ್ತದೆ. ಕೇಂದ್ರದ 2018ರ ಮಾರ್ಗಸೂಚಿಯ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಬರೆಯಲಾಗದವರಿಗೆ ಲಿಪಿಕಾರರ ನೆರವು. ರಾಜ್ಯದ ಪರೀಕ್ಷಾ ಮಂಡಳಿಯಲ್ಲಿ ಭಾಷೆಯ ವಿನಾಯಿತಿಗೂ ಅವಕಾಶವಿದೆ. ಇದಕ್ಕೆ ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ಹತ್ತನೆಯ ತರಗತಿಯ ಡಿಸೆಂಬರಿನಲ್ಲಿ ಎಚ್ಚರಾದರೆ ಕೈಗೆ ಸಿಗುವುದು ಕಷ್ಟ. ಲಿಪಿಕಾರರೊಂದಿಗೆ ಬರೆಯುವುದೂ ಒಂದು ಕಲೆ. ಉತ್ತರವನ್ನು ಮನಸ್ಸಿನಲ್ಲಿ ಜೋಡಿಸಿ, ಸಾಲುಸಾಲಾಗಿ ಹೇಳಿ ಬರೆಸುವ ಅಭ್ಯಾಸ ಎಂಟನೆಯ ತರಗತಿಯಿಂದಲೇ ಆಗಬೇಕು. ಇನ್ನೊಂದು ಸುಲಭ ದಾರಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಮಕ್ಕಳಿಗೆ ವಿಶೇಷವಾಗಿ ಸಿಕ್ಕಿದೆ. ಆರನೆಯ ತರಗತಿಯಿಂದ ಕೆಲವು ಶಾಲೆಗಳಲ್ಲಿ ತುಳುವನ್ನು ತೃತೀಯ ಭಾಷೆಯಾಗಿ ಆಯ್ದುಕೊಳ್ಳಬಹುದು. ಮನೆಯ ಮಾತು, ಕನ್ನಡ ಲಿಪಿ. ಮೂರನೆಯ ಲಿಪಿಯೊಂದು ಮಗುವಿನ ತಲೆಯಿಂದ ಇಳಿಯುತ್ತದೆ. ಈ ದೃಷ್ಟಿಯಿಂದ ತುಳು ತರಗತಿಯನ್ನು ನೋಡಿದ ಶಾಲೆಗಳು ವಿರಳ.

ಮಂಡಳಿಯ ಪರೀಕ್ಷೆ ಸಾಧ್ಯವೇ ಇಲ್ಲ ಎನಿಸಿದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ, ಒಂದೊಂದೇ ವಿಷಯ ಮುಗಿಸುತ್ತಾ ಹೋಗಬಹುದು. ಕಾಲೇಜಿನ ಪ್ರವೇಶ ಪರೀಕ್ಷೆಗಳಲ್ಲೂ ಹಕ್ಕು ಕೇಳಬಹುದು. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಶೇ. 40ಕ್ಕಿಂತ ಕಡಿಮೆ ವೈಕಲ್ಯವಿದ್ದವರಿಗೂ ಲಿಪಿಕಾರರ ನೆರವು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷ ನವೆಂಬರಿನಲ್ಲಿ ಅವನಿ ಪ್ರಕಾಶ್ ಪ್ರಕರಣ ಬಂತು. ಡಿಸ್‌ಗ್ರಾಫಿಯಾ ಇದ್ದ ಆ ವಿದ್ಯಾರ್ಥಿನಿಗೆ ನೀಟ್ ಪರೀಕ್ಷಾ ಕೇಂದ್ರದಲ್ಲಿ ಹೆಚ್ಚುವರಿ ಸಮಯ ಕೊಟ್ಟಿರಲಿಲ್ಲ; ಆದ ಅನ್ಯಾಯ ಸರಿಪಡಿಸುವಂತೆ ಕೋರ್ಟು ಆದೇಶಿಸಿತು. 2016ರ ಕಾಯ್ದೆ ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟುಗಳನ್ನು ಶೇ. 40 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯವುಳ್ಳವರಿಗೆ ಕಾದಿರಿಸಿದೆ. ಸರಕಾರಿ ಉದ್ಯೋಗದ ಶೇ. 4ರಲ್ಲಿ ಒಂದು ಪಾಲು ಆಟಿಸಂ, ಬೌದ್ಧಿಕ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ವೈಕಲ್ಯ ಇವುಗಳ ಜೊತೆ ಕಲಿಕಾ ನ್ಯೂನತೆಯವರಿಗೂ ಸೇರಿದೆ. ಮೀಸಲಾತಿಗೆ ಕೇಳುವುದು ಪ್ರಮಾಣಪತ್ರವನ್ನು, ಪ್ರಮಾಣಪತ್ರಕ್ಕೆ ಆಧಾರವಾಗುವುದು ಶಾಲೆಯ ದಾಖಲೆ. ನಾಲ್ಕನೆಯ ತರಗತಿಯಲ್ಲಿ ಯಾವ ಶಿಕ್ಷಕರೂ ಬರೆದಿಡದ ತೊಡಕನ್ನು ಹದಿನೆಂಟರಲ್ಲಿ ಆ ಹುಡುಗ ಒಬ್ಬನೇ ವೈದ್ಯಕೀಯ ಮಂಡಳಿಯ ಮುಂದೆ ಸಾಬೀತುಪಡಿಸಬೇಕಾಗುತ್ತದೆ.